ಕೌದಿಗೊಂದು ಹಳೆಯ ಸೀರೆ

ನನ್ನ ಮಗಳು ಬಸುರಿ ಎಂಬ ಸುದ್ದಿ ಬಂದ ದಿನ ಅವ್ವ ಸಕ್ಕರೆಗಿಂತ ಮೊದಲು ಸೂಜಿ ಹುಡುಕಿದಳು. ಮನೆಗೆ ಬರುವ ಕೂಸಿಗೆ ಹಾಸಿ ಹೊದಿಸಲು ಕೌದಿ ಹೊಲಿಯುವುದು ಅವಳ ಹಕ್ಕು. ನಾನೂ ನನ್ನ ಮಗಳೂ ಅವಳ ಕೈಯ ಕೌದಿಯಲ್ಲೇ ಮಲಗಿ ಬೆಳೆದವರು. ಈಗ ಅವಳ ಕಣ್ಣು ಮಂಜಾಗುತ್ತಿದೆ.

“ಕಣ್ಣ ಕಾಣೂತನಕ ಇದೊಂದ ಹೊಲ್ದ ಬಿಡ್ತೇನಿ. ಒಂದು ಹಳೇ ನೂಲಿನ ಸೀರಿ ಕೊಡವಾ,” ಎಂದಳು.

ಅದೇನು ಮಹಾ ಎಂದು ಕಪಾಟು ತೆಗೆದೆ. ಗೋಕಾಕದ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಸೀರೆಗಳಿಗೇ ಜಾಗ ಹೆಚ್ಚು. ಅವ್ವ ಒಂದೊಂದನ್ನೇ ಕೆನ್ನೆಗೆ ಒತ್ತಿ ನೋಡಿ ಬದಿಗಿಟ್ಟಳು. “ಇದು ಜಾರತೈತಿ. ಇದು ಚುಚ್ಚತೈತಿ. ಇದರ ಗಂಜೀನ ಇನ್ನೂ ಹೋಗಿಲ್ಲ.” ಅವಳ ಮೈಮೇಲಿದ್ದದ್ದೂ ನಾನೇ ತಂದುಕೊಟ್ಟ ಹೊಳೆಯುವ ಸೀರೆ. ನಿಜವಾಗಿ ಹಳೆಯವಾಗಿದ್ದವನ್ನೆಲ್ಲ ಬುಟ್ಟಿ ಹೊತ್ತು ಬರುವವಳಿಗೆ ಕೊಟ್ಟು ಸ್ಟೀಲ್ ಡಬ್ಬಿ ತೆಗೆದುಕೊಂಡಾಗಿತ್ತು. ನನಗೆ ಸಿಟ್ಟೇ ಬಂತು. ಇಷ್ಟಿದ್ದೂ ಒಂದು ಕೂಸಿಗೆ ಸಾಲದೇ?

ಸೀರೆ ಕೊಳ್ಳುವವರನ್ನು ನಾನು ಬೈಯುವುದಿಲ್ಲ. ಅಕ್ಕನ ಮೈಗೆ ಬಿಗಿಯಾದ ಲಂಗ ತೊಟ್ಟು ಸಾಲೆಗೆ ಹೋದವಳು ನಾನು. ಮೊದಲ ಪಗಾರದಲ್ಲಿ ಸೀರೆ ಕೊಂಡು, ಅದರ ಮಡಿಕೆ ಬಿಚ್ಚದೆ ದಿನವೆಲ್ಲ ಮೂಸಿ ನೋಡಿದ್ದೆ. ಆ ವಾಸನೆಯ ಆಸೆ ಇನ್ನೂ ತೀರಿಲ್ಲ. ಈಗಂತೂ ಫೋನಿನಲ್ಲಿ ಬೆರಳಾಡಿಸಿದರೆ ಸೀರೆ ಬಾಗಿಲಿಗೇ ಬರುತ್ತದೆ. ಉಡುವುದಕ್ಕಿಂತ ಪೊಟ್ಟಣ ಬಿಚ್ಚುವುದರಲ್ಲೇ ಹೆಚ್ಚು ಖುಷಿ.

ಮರುವಾರ ಹುಕ್ಕೇರಿಯ ಸಂತೆಯಲ್ಲಿ ತಿಳಿಹಸಿರು ನೂಲಿನ ಸೀರೆ ಕೊಂಡು ತಂದೆ. ಹಳೆಯದು ಬೇಕಾದರೆ ಹೊಸದನ್ನು ಕೊಳ್ಳುವುದು ನನ್ನ ಬುದ್ಧಿ. ದಿನಾ ಬಕೆಟ್ಟಿನಲ್ಲಿ ನೆನೆಸಿ, ತಿಕ್ಕಿ, ಬಿಸಿಲಿಗೆ ಹಾಕತೊಡಗಿದೆ. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

“ತೊಳದ್ರ ಬಣ್ಣ ಹೋಗತೈತಿ, ಹಳೇದ ಆಗೂದಿಲ್ಲ. ಉಡು ಅದನ್ನ.”

ಉಟ್ಟೆ. ನಾನು ಪಾಠ ಹೇಳುವ ಸಾಲೆ ಹುಕ್ಕೇರಿಯಲ್ಲಿದೆ. ದಿನಾ ಬಸ್ಸಿನ ಓಡಾಟ. ಒಂದೇ ವಾರದಲ್ಲಿ ಎರಡು ಸಲ ಒಂದೇ ಸೀರೆ ಉಟ್ಟವಳಲ್ಲ ನಾನು. ಈಗ ರಾತ್ರಿ ಒಗೆದು, ಬೆಳಿಗ್ಗೆ ಅದನ್ನೇ ಸುತ್ತಿಕೊಂಡು ಹೊರಟೆ. ಜೊತೆಯ ಶಿಕ್ಷಕಿ ತಡೆಯಲಾರದೆ ಕೇಳಿಯೇಬಿಟ್ಟರು.

“ಯಾಕ್ರಿ ಅಕ್ಕೋರ, ಇವತ್ತೂ ಅದ ಸೀರಿ? ಮನ್ಯಾಗ ಎಲ್ಲಾ ಆರಾಮ ಅದಾರಲ್ರಿ?”

ಮೊದಮೊದಲು ನಾಚಿಕೆಯಿಂದ ಕುಗ್ಗಿದೆ. ಬರಬರುತ್ತ ನಾಚಿಕೆ ಸವೆಯಿತು, ಸೀರೆಯೂ ಸವೆಯಿತು. ಕೈಗಂಟಿದ ಸೀಮೆಸುಣ್ಣ ಒರೆಸಿದ್ದು ಅದಕ್ಕೇ. ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಾಗ ಮುಖಕ್ಕೆ ಬೀಳುವ ಬಿಸಿಲಿಗೆ ಅಡ್ಡವಾದದ್ದೂ ಅದೇ. ಮಗಳಿಗೆ ರಕ್ತ ಕಡಿಮೆಯಿದೆ ಎಂದು ಡಾಕ್ಟರು ಹೇಳಿದ ದಿನ, ಆಸ್ಪತ್ರೆಯ ಬೆಂಚಿನ ಮೇಲೆ ಕಣ್ಣೊರೆಸಿಕೊಂಡದ್ದೂ ಅದರಲ್ಲೇ. ಫೋನಿನಲ್ಲಿ ಸೀರೆ ನೋಡುವುದನ್ನು ಬಿಟ್ಟೆನೆಂದಲ್ಲ. ನೋಡುತ್ತಿದ್ದೆ, ಆದರೆ ಯಾವುದನ್ನೂ ತರಿಸುವ ಮನಸ್ಸಾಗುತ್ತಿರಲಿಲ್ಲ.

ಮಗಳು ಹೆರಿಗೆಗೆಂದು ಮನೆಗೆ ಬಂದ ದಿನ ಅವ್ವ ಸೀರೆಯನ್ನು ಕೆನ್ನೆಗೆ ಒತ್ತಿ ನೋಡಿದಳು. ಮಂಜುಗಣ್ಣಿಗೆ ಅದರ ಬಣ್ಣ ಕಂಡಿತೋ ಇಲ್ಲವೋ.

“ಈಗ ಆತು. ಕತ್ತರಿ ತಾ,” ಎಂದಳು.

ನಾನು ಏಳಲಿಲ್ಲ. ಸೀರೆಯನ್ನು ಮಡಿಲಿಗೆ ಎಳೆದುಕೊಂಡು ಕೂತೆ.

“ಇದ ಬ್ಯಾಡ ಬೇ ಅವ್ವಾ. ಬೇರೆದ ಕೊಡ್ತೇನಿ.”

“ಕಪಾಟ ತುಂಬ ಅದಾವಲ್ಲ, ಇದರದೇನ ಹೆಚ್ಚಿಂದು?”

“ಅವು ಬರೇ ಕೊಂಡಂಥಾವು. ಇದು ನಂದು.”

ಅವ್ವ ನಗಲಿಲ್ಲ. ನನ್ನ ಮೊಣಕಾಲ ಮೇಲೆ ಕೈಯಿಟ್ಟಳು.

“ನಮ್ಮದಾಗಿದ್ದನ್ನ ಅಲ್ಲೇನ ಕೂಸಿಗೆ ಹೊಚ್ಚೂದು?”

ಕತ್ತರಿ ತಂದುಕೊಟ್ಟೆ. ಅವ್ವ ಹರಿಯಲು ಅನುವಾಗುವಂತೆ ಅಂಚಿಗೆ ಸಣ್ಣಗೆ ಕಚ್ಚು ಹಾಕಿ, ಒಂದು ತುದಿಯನ್ನು ನನ್ನ ಕೈಗಿಟ್ಟಳು. ಅವಳು ಅತ್ತ ಹಿಡಿದಳು. ನಾನು ಇತ್ತ ಎಳೆದೆ.