ಬೇಳೆ ಡಬ್ಬಿಯೊಳಗಿನ ಗುಳಿಗೆ

ಕ್ರಿಸ್‌ಮಸ್‌ಗೆ ಭಾಲ್ಕಿಯ ತವರಿಗೆ ಹೋಗಿದ್ದೆ. ಪಾಯಸಕ್ಕೆಂದು ಹೆಸರುಬೇಳೆ ಡಬ್ಬಿಗೆ ಕೈಹಾಕಿದರೆ ಸಿಕ್ಕಿದ್ದು ಗುಳಿಗೆಯ ಸ್ಟ್ರಿಪ್. ಖಿನ್ನತೆಗೆ ಕೊಡುವ ಗುಳಿಗೆ. ಬೀದರಿನಲ್ಲಿ ನರ್ಸ್ ಆಗಿರುವ ನನಗೆ ನೋಡಿದೊಡನೆ ತಿಳಿಯಿತು. ಪಕ್ಕದಲ್ಲಿದ್ದ ತಮ್ಮನ ಹೆಂಡತಿಯ ಮುಖ ಬಿಳಚಿಕೊಂಡಿತು.

“ಅತ್ತಿಯವರು ಯಾರಿಗೂ ಕಾಣದಂಗ ಇಡು ಅಂದಾರ್ರಿ ಅಕ್ಕಾ. ಕರ್ಚಿಕಾಯಿ ಮಾಡಾಕ ಓಣಿ ಹೆಣ್ಮಕ್ಕಳೆಲ್ಲಾ ಅಡಗಿಮನ್ಯಾಗೇ ಕುಂದರ್ತಾರ. ನಾಕ್ ದಿನದಿಂದ ತೊಗೊಂಡಿಲ್ರಿ.”

ನೇರವಾಗಿ ಅವ್ವನನ್ನೇ ಕೇಳಿದೆ. “ಹಬ್ಬಕ್ಕ ಬಂದ ಮಂದಿ ನಿಮ್ಮ ಸೊಸಿ ತಲಿ ಕೆಟ್ಟಾಕಿ ಅಂದ್ರ ಏನ್ ಮಾಡ್ಲಿ?” ಎಂದಳು. ಆಕೆಯ ಬಿಪಿ ಗುಳಿಗೆಗಳು ಮಾತ್ರ ಪಡಸಾಲೆಯ ಶೋಕೇಸಿನಲ್ಲಿ, ಬಾಲಯೇಸುವಿನ ಗೋದಲಿಯ ಪಕ್ಕದಲ್ಲೇ, ಬಂದವರೆಲ್ಲ ನೋಡುವಂತೆ ರಾಜಾರೋಷವಾಗಿ ಕುಳಿತಿದ್ದವು! ಮೈಯೆಲ್ಲ ಉರಿಯಿತು. ಸ್ಟ್ರಿಪ್ ಒರೆಸಿ, ಎಲ್ಲರ ಮುಂದೆಯೇ ಅವ್ವನ ಗುಳಿಗೆಗಳ ಪಕ್ಕದಲ್ಲಿ ಇಟ್ಟೆ.

ಅಂದಿನಿಂದ ಅವ್ವ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಬಿಡಲಿ. ನನ್ನ ಸಿಟ್ಟು ಅವಳ ಮೇಲಷ್ಟೇ ಅಲ್ಲ. ಎರಡು ದಿನದಿಂದ ಆ ಹುಡುಗಿಯ ಕೈ ನಡುಗುವುದನ್ನು ನಾನೂ ಕಂಡಿದ್ದೆ. ಹಬ್ಬದ ದಣಿವು ಎಂದುಕೊಂಡು, ಲಟ್ಟಿಸಲು ಇನ್ನೊಂದು ತಾಟು ಹಿಟ್ಟಿನ ಉಂಡೆ ಅವಳ ಮುಂದೆ ಸರಿಸಿದ್ದೆ.