ಬಿಟ್ಟು ಓದಿದ ಸುದ್ದಿ

ನಿವೃತ್ತಿಯಾದ ಮೇಲೆ ನಾನು ಮಾಡಿದ ಕೆಲಸಗಳಲ್ಲಿ ನಾಲ್ಕು ಜನ ಹೊಗಳಿದ್ದು ಒಂದನ್ನೇ: ಕಣ್ಣು ಮಂಜಾದ ಬೀಗರಿಗೆ ದಿನಾ ಪೇಪರ್ ಓದಿ ಹೇಳುತ್ತಿದ್ದುದನ್ನು. ಈಗ ಅದೇ ಕೆಲಸ ನೆನಪಾದರೆ ತಲೆ ತಗ್ಗುತ್ತದೆ.

ಮೂವತ್ತೈದು ವರ್ಷ ಚರ್ಚುಗಳಲ್ಲಿ ಸಭಾಪಾಲಕನಾಗಿದ್ದವನು ನಾನು. ಕೊನೆಯ ಕೆಲವು ವರ್ಷ ಸಂಡೂರಿನ ಕಡೆ ಇದ್ದು, ಆಮೇಲೆ ಹೊಸಪೇಟೆಗೆ ಬಂದು ಮನೆ ಮಾಡಿದೆವು. ಎರಡು ಓಣಿ ಆಚೆ ಮಗಳ ಮನೆ. ಅವಳು ಮದುವೆಯಾದದ್ದು ಕಂಪ್ಲಿಯ ಲಿಂಗಾಯತರ ಹುಡುಗನನ್ನು. ಆಗ ನಾನೂ ಒಪ್ಪಿರಲಿಲ್ಲ, ಹುಡುಗನ ತಂದೆಯೂ ಒಪ್ಪಿರಲಿಲ್ಲ. ಮೊಮ್ಮಗಳು ಹುಟ್ಟಿದ ಮೇಲೆ ಇಬ್ಬರೂ ಮೆತ್ತಗಾದೆವು. ಆದರೂ ನಮ್ಮ ಮಾತು ಕಾಲುವೆ ನೀರು, ಬತ್ತದ ಬೆಳೆ, ಬಿಸಿಲು ಇವುಗಳನ್ನು ದಾಟಿ ಮುಂದೆ ಹೋಗುತ್ತಿರಲಿಲ್ಲ.

ಹೋದ ವರ್ಷ ಬೀಗರು ಕಣ್ಣಿನ ಔಷಧಿಗೆಂದು ಮಗನ ಮನೆಗೆ ಬಂದು ನಿಂತರು. ಅಕ್ಕಿ ಗಿರಣಿ ನಡೆಸಿದವರು. ಬೆಳಿಗ್ಗೆ ಪೇಪರ್ ಇಲ್ಲದೆ ಅವರಿಗೆ ಚಹಾ ಇಳಿಯುತ್ತಿರಲಿಲ್ಲವಂತೆ.

"ಅಪ್ಪಾ, ಮಾವಗೆ ದಿನಾ ಒಂದು ತಾಸು ಪೇಪರ್ ಓದ್ತೀಯೇನು? ನಿನಗೂ ಹೊತ್ತು ಹೋಗ್ತೈತಿ" ಎಂದಳು ಮಗಳು.

ಒಪ್ಪಿಕೊಂಡೆ. ದಿನಾ ಎಂಟು ಗಂಟೆಗೆ ಹೋಗುವುದು, ಜಗಲಿಯ ಮೇಲೆ ಕೂತು ಮೊದಲ ಪುಟದಿಂದ ಶುರು ಮಾಡುವುದು. ಡ್ಯಾಮಿನ ನೀರಿನ ಮಟ್ಟ, ಚುನಾವಣೆಯ ಗದ್ದಲ, ಎಲ್ಲೋ ನಡೆದ ಯುದ್ಧ ಎಲ್ಲ ಮುಗಿಯುವಷ್ಟರಲ್ಲಿ ಎರಡು ಸಲ ಚಹಾ ಆಗುತ್ತಿತ್ತು. ಪೀಠದ ಮೇಲೆ ನಿಂತು ಪಳಗಿದ ದನಿ ನನ್ನದು. ಓಣಿಯಲ್ಲಿ ಹೋಗುವವರೂ ಒಂದು ಗಳಿಗೆ ನಿಂತು ಕೇಳುತ್ತಿದ್ದರು. ಅದು ನನಗೆ ಖುಷಿಯಾಗುತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಒಂದು ದಿನ ಯಾವುದೋ ದೂರದ ಮಠದ ಸುದ್ದಿ ಬಂದಿತ್ತು. ಗುರುಪೀಠಕ್ಕಾಗಿ ಇಬ್ಬರು ಸ್ವಾಮಿಗಳ ನಡುವೆ ತಕರಾರಾಗಿ, ಎರಡೂ ಕಡೆಯ ಭಕ್ತರು ಅಂಗಳದಲ್ಲೇ ಬಡಿದಾಡಿಕೊಂಡಿದ್ದರು. ನಾನು ಅದನ್ನು ತಡೆದು ತಡೆದು, ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿ ಓದಿದೆ. "ಪೊಲೀಸರು ಬಂದರು" ಎಂಬಲ್ಲಿ ದನಿ ಏರಿಸಿದೆ. "ತಿಳೀತೇನ್ರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮತ್ತೊಮ್ಮೆ ಓದಿದೆ. ಬೀಗರು ಚಹಾದ ಬಸಿಯನ್ನು ಕೆಳಗಿಟ್ಟು, "ಮುಂದೇನೈತ್ರಿ?" ಎಂದಷ್ಟೇ ಅಂದರು. ಆ ಇಬ್ಬರಲ್ಲಿ ಹಿರಿಯ ಸ್ವಾಮಿಗಳೇ ನನ್ನ ಅಳಿಯನಿಗೆ ಹೆಸರಿಟ್ಟವರು, ಆ ದಿನ ಬೀಗರು ಮಧ್ಯಾಹ್ನದ ಊಟ ಬಿಟ್ಟರು ಎಂದು ಮಗಳು ನನಗೆ ಹೇಳಿದ್ದು ಭಾಳ ದಿನದ ಮೇಲೆ.

ಹದಿನೈದು ದಿನ ಕಳೆದಿರಬೇಕು. ಪೇಪರ್ ತಿರುವಿದೆ, ಒಳಪುಟದಲ್ಲಿ ನಮ್ಮವರದೇ ಸುದ್ದಿ. ಬೇರೆ ಊರಿನ ಒಂದು ಚರ್ಚು. ಒಂದು ಗುಂಪು ಬೀಗ ಹಾಕಿದರೆ ಇನ್ನೊಂದು ಗುಂಪು ಅದನ್ನು ಒಡೆದಿದೆ, ಒಳಗೆ ಕುರ್ಚಿಗಳು ಹಾರಾಡಿವೆ. ಫೋಟೋದಲ್ಲಿ ಬೀಗ ಒಡೆದ ಗುಂಪಿನ ಮುಂದೆ ನಿಂತವನು ಸಂಡೂರಿನಲ್ಲಿ ಎರಡು ವರ್ಷ ನನ್ನ ಕೈಕೆಳಗೆ ಕಲಿತವನು. ಇವನು ಶಾಂತ ಸ್ವಭಾವದವನು ಎಂದು ಶಿಫಾರಸು ಪತ್ರ ಬರೆದುಕೊಟ್ಟವನು ನಾನೇ.

"ಈ ಪುಟದಾಗ ಅಂಥಾದ್ದು ಏನೂ ಇಲ್ರಿ" ಎಂದು ಹಾಳೆ ತಿರುವಿ ಕ್ರಿಕೆಟ್ ಓದತೊಡಗಿದೆ.

ಬೀಗರು ಕ್ರಿಕೆಟ್ ಪೂರ್ತಿ ಕೇಳಿದರು. ನಾನು ಕನ್ನಡಕ ತೆಗೆದ ಮೇಲೆ ಮೆಲ್ಲಗೆ ಅಂದರು: "ಬೀಗ್ರೇ, ತಪ್ಪು ತಿಳಿಬ್ಯಾಡ್ರಿ. ನಿಮ್ಮ ಚರ್ಚಿನ ಗದ್ಲ ನಿನ್ನೆ ಸಂಜಿಗೇ ಟೀವಿಯಾಗ ಕೇಳಿದ್ದೆ. ಇವತ್ತು ನೀವು ಓದ್ತೀರಿ, ನಮ್ಮವ್ರೂ ಹಂಗ, ನಿಮ್ಮವ್ರೂ ಹಂಗ ಅಂತ ಇಬ್ರೂ ಕುಂತು ನಗಬೋದು ಅಂದ್ಕಂಡಿದ್ದೆ." ಆಮೇಲೆ, "ಮಠದ್ದು ಅವತ್ತು ಎರಡು ಸಲ ಓದಿದ್ರಿ" ಎಂದರು.

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಎದುರಾಡಿ ಬಚಾವಾಗುತ್ತಿದ್ದೆ. ಚಪ್ಪಲಿ ಮೆಟ್ಟಿಕೊಂಡು ಎದ್ದು ಬಂದೆ.

ಮರುದಿನ ಮೊಣಕಾಲು ನೋವೆಂದು ಮಗಳಿಗೆ ಫೋನ್ ಮಾಡಿದೆ. ಮನೆಯಲ್ಲಿ ಕೂರಲಾಗದೆ ಒಂದು ಪುಸ್ತಕ ಹಿಡಿದು ಹಂಪಿ ಬಸ್ಸು ಹತ್ತಿದೆ. ಒಂದು ಮಂಟಪದ ನೆರಳಲ್ಲಿ ಸಂಜೆವರೆಗೂ ಕೂತೆ. ಪುಟ ಮುಂದೆ ಹೋಗಲಿಲ್ಲ. ಹೀಗೆಯೇ ನಾಲ್ಕು ದಿನ. ಐದನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಅಳಿಯನೇ ಎದುರಾದ. "ಮಾವಾ, ಕಾಲು ಹೆಂಗೈತಿ?" ಎಂದ. "ಪರವಾಗಿಲ್ಲಪ್ಪಾ" ಎಂದೆ. ಅವನು ಹಂಪಿ ಬಸ್ಸಿನಲ್ಲಿ ಸೀಟು ಹಿಡಿದುಕೊಟ್ಟು ಹೋದ.

ಆ ವಾರವೇ ಬೀಗರು ಕಂಪ್ಲಿಗೆ ವಾಪಸು ಹೋದರು. ಹೋಗುವಾಗ ನಾನು ಮುಖ ತೋರಿಸಲಿಲ್ಲ. ಕೊನೆಗೆ ಹೆಂಡತಿಯ ಮುಂದೆ ಎಲ್ಲ ಹೇಳಿಕೊಂಡೆ. ಆಕೆ ಅವರೆಕಾಯಿ ಸುಲಿಯುತ್ತಿದ್ದಳು. ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ.

"ನೀವು ಚರ್ಚಿನ್ಯಾಗ ಬೈಬಲ್ಲಿನ ವೇದಪಾಠ ಓದೋದೂ ಹಂಗೇ ಇತ್ತಲ್ರಿ" ಎಂದಳು. "ಸಂಡೂರಿನ್ಯಾಗ ಗಣಿ ಮ್ಯಾನೇಜರು ಬಂದು ಮುಂದಿನ ಬೆಂಚಿಗೆ ಕುಂತ ಭಾನುವಾರ, ಶ್ರೀಮಂತರಿಗೆ ಬಯ್ಯೋ ಭಾಗ ಬಂದ್ರೆ ನಾಲ್ಕು ಸಾಲು ಜಿಗಿದು ಓದ್ತಿದ್ರಿ. ಹಿಂದ ಕುಂತ ಲೋಡಿಂಗ್ ಕೂಲಿಯವ್ರು ಪುಸ್ತಕದಾಗ ಬೆರಳಿಟ್ಟು ಹುಡುಕ್ತಿದ್ರು. ನಾನು ನೋಡೀನಿ."

"ಆವಾಗ್ಲೇ ಯಾಕ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಬೆರಳಿಟ್ಟು ಹುಡುಕುತ್ತಿದ್ದವರಲ್ಲಿ ಅರ್ಧ ಜನ ದೊಡ್ಡವರಾದ ಮೇಲೆ ಅಕ್ಷರ ಕಲಿತವರು. ತಾವೇ ಎಲ್ಲೋ ತಪ್ಪಿದೆವೆಂದು ಅಂದುಕೊಂಡಿರುತ್ತಾರೆ.

ಮುಂದಿನ ಸೋಮವಾರ ಕಂಪ್ಲಿಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಮಾತು ಜೋಡಿಸುವುದೇ ನನ್ನ ಕಸುಬಾಗಿತ್ತಲ್ಲ. ಬಾಗಿಲಲ್ಲಿ ನನ್ನ ಕೆಮ್ಮು ಕೇಳಿಯೇ ಗುರುತು ಹಿಡಿದು, "ಬರ್ರಿ ಬೀಗ್ರೇ, ಕುಂದ್ರಿ" ಎಂದರು. ಜೋಡಿಸಿದ್ದೆಲ್ಲ ಚದುರಿತು.

"ನನ್ನಿಂದ ತಪ್ಪಾತು. ನಿಮ್ಮದನ್ನ ಬಿಚ್ಚಿ ಓದಿದೆ, ನನ್ನದನ್ನ ಮುಚ್ಚಿಟ್ಟೆ" ಎಂದೆ.

"ಭಾಳ ಬ್ಯಾಸರಾಗಿತ್ತು, ಖರೆ" ಎಂದರು ಬೀಗರು. "ನೀವು ಬಂದು ಹೇಳಿದ್ರಲ್ಲ, ಚಲೋ ಆತು." ಒಳಗೆ ಕೂಗಿ ಊಟಕ್ಕೆ ಹಾಕಲು ಹೇಳಿದರು.

ಊಟವಾದ ಮೇಲೆ ಗೂಟಕ್ಕೆ ನೇತುಹಾಕಿದ ಚೀಲದಲ್ಲಿ ಅವತ್ತಿನ ಪೇಪರ್ ಕಂಡಿತು. "ಓದಲೇನ್ರಿ? ಇವತ್ತು ಏನೂ ಬಿಡೂದಿಲ್ಲ" ಎಂದೆ.

"ಅದು ಮನಿ ಮಂದಿಗೆ. ನನಗ ಸೊಸಿ ಫೋನಿನ್ಯಾಗ ಓದಿ ಹೇಳೂದೊಂದು ಹಾಕಿಕೊಟ್ಟಾಳ್ರಿ" ಎಂದು ಜೇಬಿನಿಂದ ಫೋನ್ ತೆಗೆದರು. ದಿಂಬಿನ ಮೇಲಿಟ್ಟು ಬೆರಳಿಂದ ತಡವಿ ಒತ್ತಿದರು. ಏರಿಳಿತವಿಲ್ಲದ ಹೆಣ್ಣು ದನಿಯೊಂದು ಸುದ್ದಿ ಹೇಳತೊಡಗಿತು. ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು, ನಾನು ಪಕ್ಕದಲ್ಲಿ ಕೂತು ಕೇಳಿದೆ.

ನನ್ನ ಮಗಳು ಅದನ್ನು ಹಾಕಿಕೊಟ್ಟದ್ದು ಮಾವನ ಅನುಕೂಲಕ್ಕೋ, ಅಪ್ಪನ ಗುಣ ತಿಳಿದೋ, ಅವಳನ್ನು ನಾನು ಇನ್ನೂ ಕೇಳಿಲ್ಲ.