ಅವ್ವ ತೊಟ್ಟಿಲು ಕಟ್ಟಿದ ಪುಸ್ತಕ

ನಿಜಾಮನ ಕಾಲದ ಅಫಜಲಪುರದಲ್ಲಿ ಶಾಲೆಯ ಓದೆಲ್ಲ ಉರ್ದು. ಪಾದ್ರಿಯೊಬ್ಬರು ಸಂತೆಯಲ್ಲಿ ಕೊಟ್ಟ ಯೇಸುಚರಿತ್ರೆಯ ಪುಸ್ತಕ ಕನ್ನಡದಲ್ಲಿತ್ತು. ಓದಲು ಕನ್ನಡ ಸಿಕ್ಕಿತಲ್ಲ, ಅಪ್ಪನಿಗೆ ಅಷ್ಟೇ ಸಾಕಾಯಿತು. ದಿನಾ ಸಂಜೆ ಕಟ್ಟೆಯ ಮೇಲೆ ಕುಳಿತು ಅದನ್ನು ಪುರಾಣದಂತೆ ಓದತೊಡಗಿದರು.

ಪುರಾಣದಲ್ಲಿ ಮಹಾತ್ಮರು ಹುಟ್ಟುವ ಭಾಗ ಬಂದರೆ ತೊಟ್ಟಿಲು ಕಟ್ಟುವುದು ನಮ್ಮ ಕಡೆ ರೂಢಿ. ಯೇಸು ಹುಟ್ಟುವ ಅಧ್ಯಾಯಕ್ಕೂ ಅವ್ವ ಓಣಿಯ ಹೆಂಗಸರನ್ನು ಕರೆದು ತೊಟ್ಟಿಲು ಕಟ್ಟಿ, ಜೋಗುಳ ಹಾಡಿ, ಗುಗ್ಗರಿ ಹಂಚಿದಳು. ಶಿಲುಬೆಯ ಅಧ್ಯಾಯ ಬಂದಾಗ ಅವಳೇ ಓದು ನಿಲ್ಲಿಸಿದಳು.

"ನಾವು ತೂಗಿದ ಕೂಸಿನ ಸಾವು ನಾವು ಕೇಳಂಗಿಲ್ರಿ."

ಕೆಲವು ತಿಂಗಳ ಮೇಲೆ ಊರಿಗೆ ಬಂದ ಪಾದ್ರಿ ಇದನ್ನು ಕೇಳಿ, "ಪುಸ್ತಕದ ಸಾರ ಎಲ್ಲ ಅಲ್ಲೇ ಐತವ್ವಾ. ಸತ್ತವ ಮೂರನೇ ದಿನ ಎದ್ದು ಬರ್ತಾನ" ಎಂದರು.

ಅವ್ವ ಒಳಗಿನಿಂದ ಪುಸ್ತಕ ತಂದು ಅಪ್ಪನ ಕೈಗಿಟ್ಟಳು.

"ಹಂಗಾರ ಆ ಮೂರನೇ ದಿನದಿಂದ ಓದ್ರಿ."